ಫಾಲ್ಸ್ ನೋಡೋಕೆ ಬರೋರಿಗೆ, ಫಾಲ್ಸ್ ದಾರಿಯಲ್ಲಿ ಮನೆ ಇರೋನಿಂದ ಒಂದು ಬಹಿರಂಗ ಪತ್ರ

ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ, ಮಂಗಳೂರು ಎಲ್ಲಿಂದಾದ್ರೂ ಸರಿ, ಮಳೆಗಾಲದಲ್ಲಿ ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿನ ಜಲಪಾತ ನೋಡೋಕೆ ಬರೋ ಎಲ್ಲಾ ಪ್ರವಾಸಿ ಬಂಧುಗಳಿಗೆ, ಹಾಗೇ ಈ ಜಾಗಗಳ ಜವಾಬ್ದಾರಿ ಹೊತ್ತಿರೋ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ. ನಮ್ಮ ಮನೆ ಅಂಗಳ ದಾಟಿ, ತೋಟದ ದರೆ ಹತ್ತಿ, ಸೊಪ್ಪಿನ ಬೆಟ್ಟದೊಳಗೆ ಇಪ್ಪತ್ತು ನಿಮಿಷ ನಡೆದ್ರೆ ಒಂದು ಅಬ್ಬಿ ಇದೆ, ನೀವು ಫಾಲ್ಸ್ ಅಂತೀರಲ್ಲ ಅದು. ಅದರ ಹೆಸರನ್ನ ಈ ಪತ್ರದಲ್ಲಿ ಬರೆಯಲ್ಲ, ಯಾಕೆ ಅಂತ ಓದ್ತಾ ಹೋದ ಹಾಗೆ ನಿಮಗೇ ಗೊತ್ತಾಗತ್ತೆ. ಚಿಕ್ಕವರಿದ್ದಾಗ ಅಲ್ಲಿಗೆ ನಾವು ದನ ಹುಡುಕೋಕೆ ಹೋಗ್ತಿದ್ವಿ, ದೀಪಾವಳಿ ಕಳೆದ ಮೇಲೆ ನೀರು ಇಳಿದಾಗ ಸ್ನಾನ ಮಾಡ್ತಿದ್ವಿ, ಮಳೆಗಾಲದಲ್ಲಿ ಮಾತ್ರ ಆ ಕಡೆ ತಲೆ ಹಾಕಿದ್ರೆ ಅಜ್ಜ ಕೋಲು ಹಿಡಿದು ಓಡಿಸ್ತಿದ್ದ. ಹೊರಗಿನೋರು ಅಂತ ವರ್ಷಕ್ಕೆ ಹತ್ತು ಜನ ಬಂದ್ರೆ ಹೆಚ್ಚು, ಅವರೂ ನಮ್ಮಲ್ಲೋ ಪಕ್ಕದ ಮನೆಯಲ್ಲೋ ಯಾರದ್ದಾದ್ರೂ ನೆಂಟರು.

ಈಗ ಜೂನ್ ಕೊನೆಯಿಂದ ಪ್ರತಿ ಶನಿವಾರ ಭಾನುವಾರ ನಮ್ಮ ಅಂಗಳದ ಮುಂದೆ ಕಾರು ಬೈಕು ಟಿಟಿ ಸಾಲು ನಿಂತಿರತ್ತೆ. ಯಾರೋ ಒಬ್ರು ಮೂವತ್ತು ಸೆಕೆಂಡಿನ ವಿಡಿಯೋ ಹಾಕಿದ್ರು, ಯಾರೂ ನೋಡಿರದ ಫಾಲ್ಸ್ ಅಂತ ಮೇಲೆ ಬರೆದು ಕೆಳಗೆ ಲೊಕೇಶನ್ನೂ ಹಾಕಿದ್ರು, ಅಷ್ಟೇ ಆಗಿದ್ದು. ಬರೋದು ತಪ್ಪು ಅಂತ ನಾನು ಖಂಡಿತ ಹೇಳ್ತಿಲ್ಲ. ನಮ್ಮ ಊರು ಚಂದ ಇದೆ, ನೋಡಬೇಕು ಅನ್ಸೋದು ಸಹಜ, ದೂರದಿಂದ ಬಂದೋರಿಗೆ ಒಂದು ಲೋಟ ನೀರು ಬೆಲ್ಲ ಕೊಡದೆ ಕಳಿಸಿ ನಮಗೆ ಅಭ್ಯಾಸ ಇಲ್ಲ. ನಾನು ಬರೀತಿರೋದು ಬೇರೆ ಕಾರಣಕ್ಕೆ.

ಕೆಲವು ವರ್ಷದ ಹಿಂದೆ, ಪುನರ್ವಸು ಮಳೆ ಹೊಡೀತಿದ್ದ ವಾರ. ಆ ಭಾನುವಾರ ಮಾತ್ರ ಬೆಳಿಗ್ಗೆಯಿಂದ ಹೊಳವಾಗಿತ್ತು, ಬಿಸಿಲೂ ಬಿದ್ದಿತ್ತು. ಕೊಳೆ ರೋಗದ ಔಷಧಿ ಹೊಡೆಯೋಕೆ ಇಂಥ ಹೊಳವು ಸಿಗೋದೇ ಕಷ್ಟ ಅಂತ ನಾನೂ, ಮರ ಹತ್ತಿ ಅಡಿಕೆ ಗೊನೆ ಕೊಯ್ಯೋ ಕೊನೆಗೌಡನೂ ತೋಟದಲ್ಲಿ ಬೋರ್ಡೋ ಹೊಡೀತಿದ್ವಿ. ಹನ್ನೊಂದೂವರೆ ಹೊತ್ತಿಗೆ ಐದು ಜನ ಹುಡುಗರು ಬಂದ್ರು, ಇಪ್ಪತ್ತು ಇಪ್ಪತ್ತೆರಡು ವರ್ಷದೋರು, ಒಳ್ಳೆ ಮನೆ ಮಕ್ಕಳು, ಮಾತಲ್ಲೇ ಗೊತ್ತಾಗ್ತಿತ್ತು. ನನ್ನ ಹೆಂಡತಿ ನೀರು ಕೊಟ್ಟು, ಇವತ್ತು ಕೆಳಗೆ ಇಳೀಬೇಡಿ ತಮ್ಮಾ, ಮೇಲಿಂದ ನೋಡಿ ವಾಪಸ್ ಬನ್ನಿ ಅಂದ್ಲು. ಇಲ್ಲ ಆಂಟಿ ಬರೀ ಫೋಟೋ ತಗೊಂಡು ಬರ್ತೀವಿ ಅಂದ್ರು. ನಾನೂ ತೋಟದಿಂದಲೇ ಕೂಗಿ ಹೇಳಿದೆ. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು, ಅಡ್ಡ ನಿಂತು ತಡೀಬೇಕಿತ್ತು ಅಂತ ಇವತ್ತಿಗೂ ಅನ್ಸತ್ತೆ.

ಮೂರು ಗಂಟೆ ಆಗಿರಬಹುದು, ಅಬ್ಬಿ ಸದ್ದು ಬದಲಾಯ್ತು. ಇಲ್ಲಿ ಹುಟ್ಟಿ ಬೆಳೆದೋರಿಗೆ ಅದು ಥಟ್ಟನೆ ಗೊತ್ತಾಗತ್ತೆ, ಅಲ್ಲೀವರೆಗೆ ಬಿಳೀ ಸದ್ದು ಇದ್ದಿದ್ದು ಒಮ್ಮೆಲೇ ದಪ್ಪ ಆಗತ್ತೆ, ನೆಲದೊಳಗಿಂದ ಬಂದ ಹಾಗೆ. ಕೊನೆಗೌಡ ಮರದ ಮೇಲಿದ್ದವನು ಮೇಲೆ ಮಳೆ ಬಂತು ಒಡೆಯಾ ಅಂದ, ಅಂದವನೇ ಇಳಿದು ಅಡಿಕೆ ಕೊನೆ ಇಳಿಸೋ ಹಗ್ಗ ಹೆಗಲಿಗೆ ಹಾಕ್ಕೊಂಡು ಓಡಿದ, ಹಿಂದಿನಿಂದ ನಾನು. ಹೋಗಿ ನೋಡಿದ್ರೆ ಇಬ್ಬರು ದಡದಲ್ಲಿ ನಿಂತು ಕೂಗ್ತಿದ್ದಾರೆ, ಮೂವರು ನಡುವಿನ ಬಂಡೆ ಮೇಲೆ, ಸುತ್ತಲೂ ಕೆಂಪು ನೀರು. ಅವರು ಆ ಬಂಡೆಗೆ ದಾಟುವಾಗ ನೀರು ಮೊಣಕಾಲಿಗೂ ಬರ್ತಿರಲಿಲ್ಲವಂತೆ. ಹಗ್ಗ ಎಸೆದು ಒಬ್ಬನನ್ನ ಎಳೆದ್ವಿ, ಇನ್ನೊಬ್ಬನನ್ನ ಎಳೆದ್ವಿ, ಮೂರನೆಯವನು ಹಗ್ಗ ಸೊಂಟಕ್ಕೆ ಕಟ್ಟಿಕೊಳ್ಳೋಕೆ ಬಗ್ಗಿದ, ಕಾಲು ಜಾರ್ತು. ಅವನು ಕೂಗಲಿಲ್ಲ. ನಮಗೆ ಕಂಡಿದ್ದು ಅವನ ಹಳದಿ ಬಣ್ಣದ ಮಳೆ ಕೋಟು ಒಂದೇ, ಅದೂ ಎರಡು ಸಲ.

ಮೂರನೇ ದಿನ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗೆ ವಾಟೆ ಬಿದಿರಿನ ಹಿಂಡಿಲಿನ ಬೇರಿಗೆ ಸಿಕ್ಕಿಕೊಂಡಿದ್ದ. ಹುಡುಕಿದೋರು ಊರಿನೋರೇ, ಕಂಬಳಿಯಲ್ಲಿ ಹೊತ್ತು ತಂದೋರೂ ಊರಿನೋರೇ. ಅವನ ಅಪ್ಪ ಆ ಮೂರು ದಿನವೂ ನಮ್ಮ ಮನೆ ಜಗಲಿ ಮೇಲೆ ಕೂತಿದ್ರು, ಊಟ ಮಾಡಲಿಲ್ಲ, ಎರಡನೇ ದಿನ ರಾತ್ರಿ ನನ್ನ ಹತ್ರ ಕೇಳಿದ್ರು, ಅವನಿಗೆ ಈಜು ಬರ್ತಿತ್ತಲ್ಲ ಅಂತ. ನಾನು ಏನು ಉತ್ತರ ಕೊಡಲಿ ಹೇಳಿ. ಈಜು ಬರೋದಕ್ಕೂ ಮಳೆಗಾಲದ ಅಬ್ಬಿಗೂ ಸಂಬಂಧ ಇಲ್ಲ ಅಂತ ಮಗನ ದಾರಿ ಕಾಯ್ತಿರೋ ಅಪ್ಪನಿಗೆ ಹೇಳೋಕೆ ಆಗತ್ತಾ. ಅವತ್ತು ಅವರಿಗೆ ಹೇಳೋಕಾಗದೇ ಇದ್ದಿದ್ದನ್ನ ಇವತ್ತು ನಿಮಗೆ ಹೇಳ್ತಿದೀನಿ.

ನೀವು ಫಾಲ್ಸ್ ಕೆಳಗೆ ನಿಂತಾಗ ತಲೆ ಮೇಲೆ ಕಾಣೋ ಆಕಾಶಕ್ಕೂ ಆ ನೀರಿಗೂ ಸಂಬಂಧ ಇರಲ್ಲ. ನೀರು ಬರೋದು ಹತ್ತು ಹದಿನೈದು ಕಿಲೋಮೀಟರ್ ಮೇಲಿನ ಗುಡ್ಡಗಳಿಂದ, ಅಲ್ಲಿ ಅರ್ಧ ಗಂಟೆ ಜಡಿಮಳೆ ಹೊಡೆದ್ರೆ ಇಲ್ಲಿ ಬಿಸಿಲಿದ್ದಾಗಲೇ ಹಳ್ಳ ಏರತ್ತೆ. ಜುಲೈ ಹೊತ್ತಿಗೆ ಮಣ್ಣು ಪೂರ್ತಿ ನೀರು ಕುಡಿದು ಕೂತಿರತ್ತೆ, ಇನ್ನು ಹೀರಿಕೊಳ್ಳೋ ಶಕ್ತಿ ಇರಲ್ಲ, ಬಿದ್ದ ಮಳೆಯೆಲ್ಲಾ ಸೀದಾ ಹಳ್ಳಕ್ಕೇ. ಏರೋ ಮುಂಚೆ ಗುರುತು ಸಿಗತ್ತೆ, ಆದ್ರೆ ಟೈಮ್ ತುಂಬಾ ಕಮ್ಮಿ. ತಿಳಿಯಾಗಿದ್ದ ನೀರು ಕೆಂಪಾಗತ್ತೆ, ತರಗೆಲೆ ಸಣ್ಣ ಕಡ್ಡಿ ತೇಲಿ ಬರೋಕೆ ಶುರುವಾಗತ್ತೆ, ಆಗಲೇ ಹೇಳಿದ ಹಾಗೆ ಸದ್ದು ದಪ್ಪ ಆಗತ್ತೆ. ಈ ಮೂರರಲ್ಲಿ ಒಂದು ಕಂಡ್ರೂ ಫೋನು ಚಪ್ಪಲಿ ಬ್ಯಾಗು ಏನೂ ನೋಡದೆ ಮೇಲಕ್ಕೆ ಹತ್ತಬೇಕು. ಪಕ್ಕಕ್ಕೆ ಓಡಿದ್ರೆ ಸಾಲದು, ಮೇಲಕ್ಕೇ ಹತ್ತಬೇಕು.

ಇನ್ನು ಆ ಗುಂಡಿ, ನೀರು ಬೀಳೋ ಜಾಗ. ಮೇಲಿಂದ ಬೀಳೋ ನೀರು ಗಾಳಿ ತುಂಬಿಕೊಂಡು ನೊರೆ ಆಗತ್ತೆ, ಆ ನೊರೆ ನೀರಲ್ಲಿ ಮನುಷ್ಯ ಕೆರೆಯಲ್ಲಿ ತೇಲಿದ ಹಾಗೆ ತೇಲಲ್ಲ, ಎಷ್ಟು ಕೈ ಬಡಿದ್ರೂ ಹಿಡಿತ ಸಿಗಲ್ಲ. ಅದರ ಜೊತೆ ಬಿದ್ದ ನೀರು ತಳಕ್ಕೆ ಹೋಗಿ ತಿರುಗಿ ಮತ್ತೆ ಬೀಳೋ ಜಾಗಕ್ಕೇ ಎಳೆಯತ್ತೆ, ನಮ್ಮ ಕಡೆ ಸುಳಿ ಅಂತಾರೆ. ಬಂಡೆ ಮೇಲೆ ಹಾವಸೆ ಕಟ್ಟಿರತ್ತೆ, ಬ್ರ್ಯಾಂಡೆಡ್ ಟ್ರೆಕ್ಕಿಂಗ್ ಶೂ ಹಾಕಿದೋರೂ ಜಾರಿದ್ದನ್ನ ನೋಡಿದೀನಿ.

ಹಾಗಾದ್ರೆ ನೋಡೋದೇ ಬೇಡ್ವಾ ಅಂದ್ರೆ, ನೋಡಿ, ಎಲ್ಲಿ ಹೇಗೆ ನೋಡಬೇಕೋ ಹಾಗೆ ನೋಡಿ. ನಮ್ಮ ಜೋಗನ್ನೇ ತಗೊಳ್ಳಿ, 253 ಮೀಟರ್ ಎತ್ತರದಿಂದ ಶರಾವತಿ ರಾಜಾ ರಾಣಿ ರೋರರ್ ರಾಕೆಟ್ ಅಂತ ನಾಲ್ಕು ಕವಲಾಗಿ ಬೀಳೋದನ್ನ ಎದುರಿನ ದಂಡೆಯಿಂದ ನೋಡೋದಕ್ಕಿಂತ ಚಂದ ಇನ್ನೇನಿದೆ. ಆದ್ರೆ ಮೇಲೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿ 1964ರಲ್ಲಿ ಮುಗಿಸಿದ ಮೇಲೆ ಜೋಗದ ನೀರು ಮಳೆ ಒಂದನ್ನೇ ನಂಬಿ ಬರಲ್ಲ, ಡ್ಯಾಮ್ ತುಂಬಿ ಗೇಟ್ ತೆಗೆದ ವರ್ಷ ಅಬ್ಬರ ಬೇರೆ, ತೆಗೆಯದ ವರ್ಷ ಬೇರೆ. ಮಾರ್ಚಲ್ಲಿ ಬಂದು ನಾಲ್ಕು ಎಳೆ ನೀರು ನೋಡಿ ಇದೇನಾ ಜೋಗ ಅಂತ ಬೈದು ಹೋಗೋರನ್ನ ಕಂಡ್ರೆ ನನಗೆ ಬೇಜಾರಾಗತ್ತೆ, ಆ ನೀರು ನಿಮ್ಮ ಮನೆ ಫ್ಯಾನ್ ತಿರುಗಿಸೋಕೆ ಹೋಗಿದೆ ಮಾರಾಯ್ರೇ, 1948ರಿಂದ ಇಲ್ಲಿ ಕರೆಂಟ್ ತಯಾರಾಗ್ತಿದೆ. ತಳಕ್ಕೆ ಇಳಿಯೋ ಮೆಟ್ಟಿಲು ಸಾವಿರಕ್ಕೂ ಮಿಕ್ಕಿ ಇವೆ, ಇಳಿಯೋಕೆ ಬಿಟ್ಟಿದ್ದಾರಾ ಇಲ್ವಾ ಅಂತ ಕೇಳಿಕೊಂಡು, ಮಂಡಿ ಗಟ್ಟಿ ಇದ್ದೋರು ಮಾತ್ರ ಹೋಗಿ.

ಉಂಚಳ್ಳಿ ನನ್ನ ಮನಸ್ಸಿಗೆ ಜೋಗಕ್ಕಿಂತ ಹತ್ರ. ಅಘನಾಶಿನಿ 116 ಮೀಟರ್ ಕೆಳಗೆ ದುಮುಕತ್ತೆ, ಆ ಸದ್ದಿಗೆ ಪಕ್ಕದಲ್ಲಿರೋರ ಮಾತೂ ಕೇಳಲ್ಲ, ಅದಕ್ಕೇ ಹಿರಿಯರು ಕೆಪ್ಪ ಜೋಗ ಅಂತ ಹೆಸರಿಟ್ಟಿದ್ದು. 1845ರಲ್ಲಿ ಲುಷಿಂಗ್ಟನ್ ಅನ್ನೋ ಬ್ರಿಟಿಷ್ ಕಲೆಕ್ಟರ್ ಕಂಡುಹಿಡಿದ ಅಂತ ಅವನ ಹೆಸರಲ್ಲೂ ಕರೀತಾರೆ, ಅವನಿಗಿಂತ ಎಷ್ಟೋ ತಲೆಮಾರು ಮುಂಚೆ ನಮ್ಮೋರು ಹೆಸರಿಟ್ಟು ಕರೆದಾಗಿತ್ತು, ಇರಲಿ. ಅಲ್ಲಿ ವ್ಯೂ ಪಾಯಿಂಟ್ ಇದೆ, ಅದಕ್ಕಿಂತ ಕೆಳಗೆ ಹೋಗಬೇಡಿ, ಹೋದ್ರೂ ಅಷ್ಟು ಚಂದ ಕಾಣಲ್ಲ, ದೂರದಿಂದ ನೋಡಿದ್ರೇ ಆ ಕಣಿವೆಯ ಹಸಿರು ನೀರು ಮಂಜು ಎಲ್ಲಾ ಒಟ್ಟಿಗೆ ಸಿಗೋದು. ಯಲ್ಲಾಪುರದ ಮಾಗೋಡೂ ಹಾಗೇ, ಬೇಡ್ತಿ ಸುಮಾರು 200 ಮೀಟರ್ ಇಳಿಯತ್ತೆ, ಎದುರಿಂದಲೇ ನೋಡಬೇಕು, ನೋಡಿ ಸಂಜೆ ಹೊತ್ತಿಗೆ ಜೇನುಕಲ್ಲು ಗುಡ್ಡಕ್ಕೆ ಹೋದ್ರೆ ಸೂರ್ಯ ಮುಳುಗೋದು ಸಿಗತ್ತೆ. ಮಕ್ಕಳು ವಯಸ್ಸಾದೋರು ಇದ್ರೆ ಸಾತೊಡ್ಡಿ, ಎತ್ತರ ಹದಿನೈದು ಮೀಟರ್ ಅಷ್ಟೇ, ಕೊಡಸಳ್ಳಿ ಹಿನ್ನೀರಿನ ಪಕ್ಕ ಕಾಡೊಳಗೆ ನಡೆದುಕೊಂಡು ಹೋಗೋದೇ ಒಂದು ಖುಷಿ, ಅದನ್ನೂ ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಯಲ್ಲಾಪುರದ ಕಳಚೆ ಕಡೆ 2021ರ ಜುಲೈನಲ್ಲಿ ಗುಡ್ಡಕ್ಕೆ ಗುಡ್ಡವೇ ಕುಸಿದಿತ್ತು, ಅಂಕೋಲಾದ ಶಿರೂರಲ್ಲಿ 2024ರ ಜುಲೈನಲ್ಲಿ ಹೆದ್ದಾರಿ ಮೇಲೇ ಕುಸೀತು, ಇಡೀ ರಾಜ್ಯ ದಿನಗಟ್ಟಲೆ ಟಿವಿ ಮುಂದೆ ಕೂತು ನೋಡಿದೆ. ಹಂಗಾಗಿ ಜುಲೈ ಆಗಸ್ಟಲ್ಲಿ ಫಾಲ್ಸ್ ಸೇಫ್ ಇದ್ರೂ ಅಲ್ಲಿಗೆ ಹೋಗೋ ರಸ್ತೆ ಸೇಫ್ ಇರತ್ತೆ ಅಂತ ಇಲ್ಲ.

ಇನ್ನೊಂದು ವಿಷಯ, ಇದಕ್ಕೆ ನನಗೆ ನಿಜವಾಗ್ಲೂ ಸಿಟ್ಟಿದೆ. ನಮ್ಮ ಮನೆಗೆ ಬೋರ್‌ವೆಲ್ ಇಲ್ಲ, ಮೋಟರ್ ಇಲ್ಲ. ಅಬ್ಬಿಯಿಂದ ಸ್ವಲ್ಪ ಕೆಳಗೆ ಹಳ್ಳಕ್ಕೆ ಪೈಪ್ ಹಾಕಿ ಇಳಿಜಾರಲ್ಲೇ ನೀರು ತಂದಿದೀವಿ, ಅದೇ ಕುಡಿಯೋಕೆ ಅಡುಗೆಗೆ ಕೊಟ್ಟಿಗೆಗೆ, ನಮ್ಮ ಕೆಳಗೆ ಇನ್ನೂ ಏಳು ಮನೆ ಹಾಗೇ ಬದುಕಿರೋದು. ನೀವು ಅಬ್ಬಿಯಲ್ಲಿ ಶಾಂಪೂ ಹಾಕಿ ಸ್ನಾನ ಮಾಡಿದ್ರೆ ಅದು ನಮ್ಮ ಅಡುಗೆಮನೆ ಕೊಡಪಾನಕ್ಕೆ ಬರತ್ತೆ. ಹೋದ ವರ್ಷ ನಮ್ಮ ಆಕಳು ಒಡೆದ ಬಿಯರ್ ಬಾಟ್ಲಿ ಮೇಲೆ ಕಾಲಿಟ್ಟು ಒಂದು ತಿಂಗಳು ಕುಂಟ್ತಿತ್ತು. ಒಂದು ಸೋಮವಾರ ನಾನೂ ಮಗಳೂ ಗೋಣಿಚೀಲ ತಗೊಂಡು ಹೋಗಿ ಬಾಟ್ಲಿ, ಚಿಪ್ಸ್ ಕವರ್, ಮಗುವಿನ ಡೈಪರ್ ಎಲ್ಲಾ ಆರಿಸಿದ್ವಿ, ಎರಡು ಚೀಲ ತುಂಬಿತು. ಮಗಳು ಕೇಳಿದ್ಲು, ಅಪ್ಪಾ ಇವರ ಮನೆಯಲ್ಲಿ ಕಸದ ಡಬ್ಬಿ ಇಲ್ವಾ ಅಂತ. ಇದ್ದೇ ಇರತ್ತೆ ತಂಗೀ ಅಂದೆ.

ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಶಿರಸಿ ಹತ್ರ ಹುಟ್ಟಿ ಕುಮಟಾದ ತದಡಿ ಹತ್ರ ಸಮುದ್ರ ಸೇರೋವರೆಗೆ ಹರಿದೇ ಹೋಗತ್ತೆ, ಇಂಥ ನದಿ ಈಗ ನಾಡಲ್ಲಿ ಎಷ್ಟಿವೆ ಹೇಳಿ. ಅದರ ಕಣಿವೆ ಸಿಂಗಳೀಕದ ಮನೆ, ಅದಕ್ಕೇ ಅಂತ 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದ್ರೆ ರಾಮಪತ್ರೆ ಮರಗಳ ಜೌಗು ಕಾಡು ಇರೋದೂ ಈ ಸೀಮೆಯಲ್ಲೇ. ಕೆಳಗೆ ಅಳಿವೆಯಲ್ಲಿ ಹೆಂಗಸರು ಸೊಂಟದವರೆಗಿನ ನೀರಲ್ಲಿ ನಿಂತು ಚಿಪ್ಪು ಆರಿಸಿ ಹೊಟ್ಟೆ ಹೊರೀತಾರೆ, ಅಲ್ಲೇ ಉಪ್ಪುನೀರು ನುಗ್ಗೋ ಗಜನಿ ಗದ್ದೆಯಲ್ಲಿ ಆ ಉಪ್ಪು ತಡೆಯೋ ಕಗ್ಗ ಭತ್ತ ಬೆಳೀತಾರೆ. ಅಡ್ಡ ಕಟ್ಟೆ ಇಲ್ಲದ ಹೊಳೆ ಅಂದ್ರೆ ನೀವು ಮೇಲೆ ಎಸೆದಿದ್ದಕ್ಕೂ ಅಡ್ಡ ಇಲ್ಲ, ಸೀದಾ ಅವರ ಕಾಲ ಬುಡಕ್ಕೇ ಹೋಗತ್ತೆ.

ರೀಲ್ಸ್ ಮಾಡೋ ಮಕ್ಕಳಿಗೆ ಪ್ರತ್ಯೇಕವಾಗಿ ಕೈ ಮುಗಿದು ಒಂದು ಮಾತು. 2023ರ ಜುಲೈನಲ್ಲಿ ಕೊಲ್ಲೂರು ಹತ್ರದ ಅರಶಿನಗುಂಡಿಯಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕ ವಿಡಿಯೋ ಆಗ್ತಿದ್ದಾಗಲೇ ಜಾರಿ ಹೋದ, ಆ ವಿಡಿಯೋ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ನೋಡಿ ಒಂದು ನಿಮಿಷ ಅಯ್ಯೋ ಅಂದು ಮುಂದಿನದಕ್ಕೆ ಹೋಗಿರ್ತೀರಿ, ಅವನ ಮನೆಯೋರು ಮುಂದೆ ಹೋಗೋಕೆ ಆಗಿರಲ್ಲ. ಜೋಗ, ಮಾಗೋಡು, ಉಂಚಳ್ಳಿ ಎಷ್ಟು ಬೇಕಾದ್ರೂ ತೋರಿಸಿ, ಅಲ್ಲಿ ರಸ್ತೆ ಇದೆ ಕಂಬಿ ಇದೆ ಜನ ಇದ್ದಾರೆ. ಆದ್ರೆ ಕಾಡೊಳಗಿನ ಸಣ್ಣ ಅಬ್ಬಿಗಳ ಲೊಕೇಶನ್ ಹಾಕಬೇಡಿ. ನಿಮ್ಮ ವಿಡಿಯೋ ನೋಡಿ ಬರೋನಿಗೆ ನಿಮ್ಮಷ್ಟು ಕಾಡು ಗೊತ್ತಿರಲ್ಲ, ನೀವು ನವೆಂಬರಲ್ಲಿ ತೆಗೆದಿದ್ದನ್ನ ಅವನು ಜುಲೈನಲ್ಲಿ ನೋಡಿ ಗಾಡಿ ಹತ್ತಿರ್ತಾನೆ. ನಮ್ಮ ಜಗಲಿ ಮೇಲೆ ಕೂತಿದ್ದ ಆ ಅಪ್ಪನ ಮಗ ಬಂದಿದ್ದೂ ಅಂಥದ್ದೇ ಒಂದು ವಿಡಿಯೋ ನೋಡಿ, ಅವನ ಫ್ರೆಂಡ್ಸೇ ಆಮೇಲೆ ಹೇಳಿದ್ರು. ಹಾಕಲೇಬೇಕು ಅಂದ್ರೆ ಯಾವ ತಿಂಗಳಲ್ಲಿ ತೆಗೆದಿದ್ದು ಅಂತನಾದ್ರೂ ಮೇಲೆ ಬರೀರಿ.

ಇನ್ನು ಮಾನ್ಯ ಅಧಿಕಾರಿಗಳಲ್ಲಿ ನನ್ನ ಅರಿಕೆ. ಮಳೆ ಜೋರಾದಾಗ ಫಾಲ್ಸ್‌ಗೆ ಪ್ರವೇಶ ನಿಷೇಧ ಅಂತ ಆದೇಶ ಬರತ್ತೆ, ಅದು ಸರಿಯೇ, ನಾನು ವಿರೋಧಿಸಲ್ಲ. ಆದ್ರೆ ಆದೇಶ ಪೇಪರಲ್ಲಿ ಬರತ್ತೆ, ಜನ ಮ್ಯಾಪ್ ನೋಡಿಕೊಂಡು ಬರ್ತಾರೆ, ಇಬ್ಬರೂ ಎಲ್ಲೂ ಭೇಟಿ ಆಗಲ್ಲ. ನಮ್ಮಂಥ ಊರಲ್ಲಿ ಬೋರ್ಡು ಒಂದೋ ಇರಲ್ಲ, ಇದ್ರೆ ಎಚ್ಚರಿಕೆ ಅಂತಷ್ಟೇ ಬರೆದು ತುಕ್ಕು ಹಿಡಿದಿರತ್ತೆ. ಏನಕ್ಕೆ ಎಚ್ಚರಿಕೆ ಅಂತ ಬರೀಬೇಕಲ್ವಾ. ನೀರು ಕೆಂಪಾದ್ರೆ ಮೇಲಕ್ಕೆ ಹತ್ತಿ, ಇಲ್ಲಿ ಇಷ್ಟು ಜನ ಸತ್ತಿದ್ದಾರೆ, ಹತ್ತಿರದ ಫೋನ್ ಸಿಗ್ನಲ್ ಇಂಥ ಕಡೆ ಸಿಗತ್ತೆ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ, ಪಕ್ಕದಲ್ಲಿ ಹಿಂದಿ ಇಂಗ್ಲಿಷಲ್ಲೂ ಬರೆಸಿ. 112ಕ್ಕೆ ಫೋನ್ ಮಾಡಿ ಅಂತಾರೆ, ನಮ್ಮ ಅಬ್ಬಿಯಿಂದ ಸಿಗ್ನಲ್ ಸಿಗೋ ಜಾಗಕ್ಕೆ ಓಡಿ ಹೋದ್ರೂ ಹದಿನೈದು ನಿಮಿಷ, ಆ ದಿನ ಹಾಗೇ ಆಗಿದ್ದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು, ಶನಿವಾರ ಭಾನುವಾರ ರಜಾ ದಿನ ಮಾತ್ರ ಸಾಕು, ಜನ ಜಾಸ್ತಿ ಬರೋ ಪ್ರತಿ ಅಬ್ಬಿಗೆ ಅದೇ ಊರಿನ ಇಬ್ಬರು ಹುಡುಗರನ್ನ ದಿನಗೂಲಿ ಕೊಟ್ಟು ನಿಲ್ಲಿಸಿ. ಕೆಲಸ ಇಲ್ಲದೆ ಬೆಂಗಳೂರು ಬಸ್ ಹತ್ತೋ ಮಕ್ಕಳು ನಮ್ಮಲ್ಲಿ ಇದ್ದಾರೆ, ಹಳ್ಳದ ಸ್ವಭಾವ ಅವರಿಗೆ ಹುಟ್ಟಿನಿಂದ ಗೊತ್ತು. ಅವರಿಗೆ ಒಂದು ಸೀಟಿ, ಒಳ್ಳೆ ಹಗ್ಗ, ಲೈಫ್ ಜಾಕೆಟ್, ಒಂದು ವಾಕಿಟಾಕಿ, ನಾಲ್ಕು ದಿನದ ತರಬೇತಿ ಕೊಡಿ. ಹಳ್ಳದ ಮೇಲಿನ ಊರಲ್ಲಿ ಮಳೆ ಜೋರಾದ್ರೆ ಅಲ್ಲಿನೋರು ಕೆಳಗೆ ತಿಳಿಸೋ ವ್ಯವಸ್ಥೆ ಆಗಲಿ, ಅದಕ್ಕೆ ಕೋಟಿ ರೂಪಾಯಿ ಮಷಿನ್ ಬೇಡ, ಬಾಯಿಂದ ಬಾಯಿಗೆ ಮಾತು ತಲುಪಿದ್ರೆ ಸಾಕು. ಪಾರ್ಕಿಂಗ್ ದುಡ್ಡು ಗ್ರಾಮ ಅರಣ್ಯ ಸಮಿತಿ ವಸೂಲಿ ಮಾಡಿ ಅದರಲ್ಲೇ ಕೂಲಿ ಕೊಡಬಹುದು, ಕಸಾನೂ ಎತ್ತಿಸಬಹುದು. ಕಾಂಕ್ರೀಟ್ ಮೆಟ್ಟಿಲು, ಸೆಲ್ಫಿ ಪಾಯಿಂಟು, ಬಣ್ಣದ ಲೈಟು ಇದ್ಯಾವುದೂ ದಯವಿಟ್ಟು ಬೇಡ. ಮೆಟ್ಟಿಲು ಕಟ್ಟಿದ್ರೆ ಇಳಿಯಬಹುದು ಅಂತಲೇ ಜನ ತಿಳಿಯೋದು.

ಬರೋರಿಗೂ ಒಂದಿಷ್ಟು ವಿನಂತಿ ಇದೆ. ಉಂಬಳ, ಅಂದ್ರೆ ಜಿಗಣೆ ಕಚ್ಚಿದ್ರೆ ಹೆದರಬೇಡಿ, ಅದರಿಂದ ಏನೂ ಆಗಲ್ಲ, ಸುಣ್ಣವೋ ಉಪ್ಪೋ ಜೊತೆಗಿಟ್ಟುಕೊಳ್ಳಿ. ಹೆದರಬೇಕಾಗಿದ್ದು ಉಣುಗಿಗೆ, ಡಿಸೆಂಬರ್ ಕಳೆದು ಬೇಸಿಗೆವರೆಗೆ ಕಾಡಲ್ಲಿ ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಕಾಟ ಇರತ್ತೆ, 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಮೊದಲು ಗೊತ್ತಾಗಿದ್ದು ಇನ್ನೂ ಹೋಗಿಲ್ಲ, 2024ರಲ್ಲಿ ನಮ್ಮ ತಾಲೂಕಲ್ಲೂ ಜನರನ್ನ ಕಾಡ್ತು. ಆ ತಿಂಗಳಲ್ಲಿ ಮಂಗ ಸತ್ತಿದೆ ಅಂತ ಸುದ್ದಿ ಇದ್ದ ಕಡೆ ಹೋಗಬೇಡಿ, ಹೋದ್ರೆ ಮೈ ತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಜ್ವರ ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮರೀದೆ ಹೇಳಿ. ಕುಡಿದು ನೀರಿಗೆ ಇಳೀಬೇಡಿ. ತಂದ ಕಸ ವಾಪಸ್ ತಗೊಂಡು ಹೋಗಿ.

ಬರೋದಾದ್ರೆ ಹಸ್ತ ಮಳೆ ಕಳೆದ ಮೇಲೆ ಬನ್ನಿ, ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಕೊನೆವರೆಗೆ. ಆಗ ನೀರು ತಿಳಿಯಾಗಿರತ್ತೆ, ಅಬ್ಬಿ ಇನ್ನೂ ತುಂಬಿರತ್ತೆ, ಗುಡ್ಡ ಹಸಿರಿರತ್ತೆ, ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾಗೋ ಹೊತ್ತು. ಯಾವುದೇ ಊರಿನ ಅಬ್ಬಿ ಇರಲಿ, ದಾರಿಯ ಕೊನೇ ಮನೆ ಮುಂದೆ ಗಾಡಿ ನಿಲ್ಲಿಸಿ, ಇವತ್ತು ಇಳೀಬಹುದಾ ಅಂತ ಒಂದು ಮಾತು ಕೇಳಿ. ಬೇಡ ಅಂದ್ರೆ ವಾದ ಮಾಡಬೇಡಿ, ಜಗಲಿ ಮೇಲೆ ಕೂತು ಚಾ ಕುಡಿದು ಹೋಗಿ, ಚಾ ಕೊಡದಷ್ಟು ಬಡವರು ನಾವ್ಯಾರೂ ಅಲ್ಲ. ಆ ಕೊನೆ ಇಳಿಸೋ ಹಗ್ಗ ಈಗಲೂ ನಮ್ಮ ಮನೆ ಜಗಲಿಯ ಗೂಟಕ್ಕೆ ನೇತಾಡ್ತಿದೆ, ಮಳೆಗಾಲ ಮುಗಿಯೋವರೆಗೆ ಅದನ್ನ ಒಳಗಿಡಲ್ಲ.

ಇಂತಿ ನಿಮ್ಮವ,
ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ